ರಾಹುಕಾಲದ ಕೊನೆಯ ಓವರ್

ಸಾಲಾಗಿ ಮೂರು ಪಂದ್ಯ ನಮ್ಮ ಟೀಮನ್ನು ಸೋಲಿಸಿದವಳು ನಾನೇ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಏರಿಯಾದಲ್ಲಿ ಕೆಲವರು ಈಗಲೂ ಬೇರೆಯೇ ಕಥೆ ಹೇಳಿಕೊಂಡು ತಿರುಗುತ್ತಿದ್ದಾರೆ. ಮೂರು ಸಲವೂ ಕೊನೆಯ ಓವರ್. ಮೂರು ಸಲವೂ ಚೆಂಡು ನನ್ನ ಕೈಯಲ್ಲಿ. ಗೆಲ್ಲಬೇಕಾಗಿದ್ದ ಆಟವನ್ನು ಎದುರು ಪಾರ್ಟಿಯವರಿಗೆ ಮಡಿಲು ತುಂಬಿ ಕಳಿಸಿಕೊಟ್ಟೆ. ಅದರಲ್ಲಿ ಬೇರೆ ಯಾರೂ ಪಾಲು ಕೇಳಬೇಕಾಗಿಲ್ಲ.

ಹೇರೋಹಳ್ಳಿಯಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ ಇದೆ. ಮಾವನವರ ಕಾಲದ ಹೊಲಗಳೆಲ್ಲ ಸೈಟಾಗಿ, ಸೈಟೆಲ್ಲ ಮನೆಯಾಗಿ, ಈಗ ನಮಗೆ ಉಳಿದಿರುವುದು ಒಂದಷ್ಟು ಬಾಡಿಗೆ ಮನೆ ಮತ್ತು ಈ ಮಿಲ್. ಬಾಡಿಗೆ ಮನೆಗಳ ಉಸಾಬರಿ ನಮ್ಮ ಯಜಮಾನರದ್ದು, ಮಿಲ್ ನನ್ನದು. ಹಳೇ ಊರಿನವರೂ ಹೊಸ ಲೇಔಟಿನವರೂ ಒಂದೇ ಸಾಲಿನಲ್ಲಿ ನಿಲ್ಲುವ ಜಾಗ ನಮ್ಮ ಕಡೆ ಇದೊಂದೇ. ಒಬ್ಬರ ಚೀಲದಲ್ಲಿ ರಾಗಿ, ಇನ್ನೊಬ್ಬರ ಡಬ್ಬದಲ್ಲಿ ಗೋಧಿ. ನಮ್ಮ ಹೆಂಗಸರ ಕ್ರಿಕೆಟ್ ಟೀಮ್ ಹುಟ್ಟಿದ್ದು ಆ ಸಾಲಿನಲ್ಲೇ. ಲೇಔಟಿನಲ್ಲಿ ಬ್ಯಾಂಕ್ ಕೆಲಸದ ಒಬ್ಬಳಿದ್ದಾಳೆ, ಕಾಲೇಜಿನ ದಿನಗಳಲ್ಲಿ ಯೂನಿವರ್ಸಿಟಿ ಟೀಮಿಗೆ ಆಡಿದವಳು. ಒಂದು ದಿನ ಗೋಧಿ ಬೀಸಿಸಲು ಬಂದವಳು ನಾನು ರಾಗಿ ಮೂಟೆ ಎತ್ತಿ ಹಾಕುವುದನ್ನೇ ನೋಡುತ್ತಾ ನಿಂತಳು.

“ಅಕ್ಕ, ನೀವು ಯಾವತ್ತಾದ್ರೂ ಬೌಲಿಂಗ್ ಹಾಕಿದೀರಾ?”

“ಹಾಕ್ದೆ ಏನು? ಕೆಂಗೇರಿಲಿ ನಮ್ಮಣ್ಣಂದಿರ ಹಲ್ಲು ಉದುರಿಸಿದೀನಿ!”

ಹಲ್ಲು ಉದುರಿಸಿದ್ದು ಸುಳ್ಳು. ಬೌಲಿಂಗ್ ಹಾಕಿದ್ದು ನಿಜ. ಕೆಂಗೇರಿ ನನ್ನ ತವರು. ಮದುವೆಯಾಗುವ ತನಕ ಅಣ್ಣಂದಿರ ಜೊತೆ ಬಯಲಿನಲ್ಲಿ ಆಡುತ್ತಿದ್ದೆ, ಮದುವೆಯಾದ ಮೇಲೆ ಚೆಂಡು ಮುಟ್ಟಿರಲಿಲ್ಲ. ಆ ಬ್ಯಾಂಕಿನವಳು ಆ ತಿಂಗಳೇ ಮಿಲ್ಲಿನ ಸಾಲಿನಿಂದಲೇ ಹೆಂಗಸರನ್ನು ಹೆಕ್ಕಿ ಟೀಮ್ ಕಟ್ಟಿದಳು, ತಾನೇ ಕ್ಯಾಪ್ಟನ್ ಆದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೆ ಮೈದಾನದಲ್ಲಿ ಅವಳು ಹೇಳಿದಂತೆ ಕೇಳುತ್ತೇವೆ.

ನಮ್ಮದು ಟೆನಿಸ್ ಬಾಲ್ ಆಟ. ಒಂದೊಂದು ಪಾರ್ಟಿಗೆ ಎಂಟು ಓವರ್, ಒಬ್ಬ ಬೌಲರಿಗೆ ಎರಡೇ ಓವರ್. ಭಾನುವಾರ ಬೆಳಗ್ಗೆಯೆಲ್ಲ ಶಾಲೆಯ ಮೈದಾನ ಹುಡುಗರದ್ದು. ನಾವು ಮನೆಯಲ್ಲಿ ಊಟ ಬಡಿಸಿ, ಪಾತ್ರೆ ತೊಳೆದಿಟ್ಟು ಅಲ್ಲಿಗೆ ಹೋಗುವ ಹೊತ್ತಿಗೆ ಮೂರೂವರೆ ಆಗಿರುತ್ತದೆ. ಸುಂಕದಕಟ್ಟೆಯವರು ಬರುತ್ತಾರೆ, ವಿಜಯನಗರದವರು ಬರುತ್ತಾರೆ, ಬಸವೇಶ್ವರನಗರದವರು ಮ್ಯಾಚಿಂಗ್ ಟೀಶರ್ಟ್ ಹಾಕಿಕೊಂಡು ಬರುತ್ತಾರೆ.

ಕೊನೆಯ ಓವರ್ ನನಗೆ ಬಂದದ್ದು ನಾನು ಶೂರಳೆಂದಲ್ಲ. ಮೊದಲನೇ ಪಂದ್ಯದಲ್ಲಿ ಕ್ಯಾಪ್ಟನ್ “ಲಾಸ್ಟ್ ಓವರ್ ಯಾರು ಹಾಕ್ತೀರಾ?” ಎಂದಾಗ ಎಲ್ಲರೂ ತಮ್ಮ ತಮ್ಮ ಶೂ ಲೇಸ್ ನೋಡಿಕೊಂಡರು. ನನಗೆ ರೇಗಿತು. “ಕೊಡಮ್ಮ ಇಲ್ಲಿ” ಎಂದೆ. ಆವತ್ತು ಗೆದ್ದೆವು ಕೂಡ. ಆಮೇಲೆ ಅದರ ರುಚಿ ಹತ್ತಿಬಿಟ್ಟಿತು. ಮಿಲ್ಲಿನಲ್ಲಿ ದಿನವಿಡೀ ನನ್ನ ತಲೆ ಮೇಲೆ ನಿಂತು “ಆಯ್ತಾ? ನಂದ್ ಆಯ್ತಾ?” ಎಂದು ಕೇಳುವ ಜನ. ಮನೆಗೆ ಹೋದರೆ ಅಲ್ಲಿಯೂ ಅದೇ ರಾಗ. ಕೊನೆಯ ಓವರಿನಲ್ಲಿ ಮಾತ್ರ ಎರಡೂ ಪಾರ್ಟಿಯವರು ಬಾಯಿ ಮುಚ್ಚಿಕೊಂಡು ನಾನು ಕೈ ಬಿಡುವ ತನಕ ಕಾಯಬೇಕು. ಆ ಸುಖವನ್ನು ನಾನು ಯಾರಿಗೂ ಬಿಟ್ಟುಕೊಡಲು ತಯಾರಿರಲಿಲ್ಲ.

ಅಷ್ಟರಲ್ಲಿ ಸೋಲು ಶುರುವಾಯಿತು. ಸುಂಕದಕಟ್ಟೆಯವರ ಮೇಲೆ ಸಾಲಾಗಿ ವೈಡ್ ಹಾಕಿದೆ. ಬಸವೇಶ್ವರನಗರದವರಿಗೆ ಒಂದು ನೋಬಾಲ್, ಅದರ ಹಿಂದೆಯೇ ಸೊಂಟದೆತ್ತರದ ಫುಲ್‌ಟಾಸ್, ಬ್ಯಾಟ್ ಹಿಡಿದವಳು ಅದನ್ನು ಕಾಂಪೌಂಡ್ ಆಚೆ ಕಳಿಸಿದಳು. ಮೂರನೆಯದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ, ಹಾಗಾಗಿ ಅದನ್ನು ಬಿಡಿ. ಮನೆಯಲ್ಲಿ ಯಜಮಾನರು ಟಿವಿಯಿಂದ ಕಣ್ಣು ಕೀಳದೆ, “ಏನಮ್ಮ, ಮಿಲ್ಲಲ್ಲಿ ಹಿಟ್ಟು ಸುರಿದಂಗೆ ರನ್ ಸುರೀತಂತೆ?” ಎಂದರು. ಆವತ್ತು ರಾತ್ರಿ ಅವರಿಗೆ ಬೆಳಗಿನ ಸಾರೇ ಗತಿಯಾಯಿತು.

ಪಂದ್ಯ ಮುಗಿದ ಮೇಲೆ ನಾವೆಲ್ಲ ಮೈದಾನದ ಎದುರಿನ ಬೇಕರಿಯಲ್ಲಿ ಸೇರುತ್ತೇವೆ. ಗೆದ್ದರೆ ಖಾರ ಬನ್, ಸೋತರೆ ಬರೀ ಟೀ. ಮೂರನೆಯ ಸೋಲಿನ ದಿನ ಎಲ್ಲರೂ ಟೀ ಲೋಟ ಹಿಡಿದು ಹೆಣದ ಮನೆಯಲ್ಲಿ ಕೂತಂತೆ ಕೂತಿದ್ದರು. ನಮ್ಮ ಟೀಮಿನಲ್ಲಿ ರಿಟೈರ್ ಆದ ಒಬ್ಬರು ಹೆಡ್‌ಮಿಸ್ಟ್ರೆಸ್ ಇದ್ದಾರೆ. ಆಡುವುದಿಲ್ಲ, ಸ್ಕೋರ್ ಬರೆಯುವುದು, ನೀರು ಕೊಡುವುದು, ಬಯ್ಯುವುದು ಮೂರೂ ಅವರ ಖಾತೆ. ಎಲ್ಲರೂ ಅವರನ್ನು ಮಿಸ್ ಎನ್ನುತ್ತೇವೆ. ಮಿಸ್ ಬೇಕರಿಯ ಗೋಡೆಯಲ್ಲಿ ನೇತಾಡುತ್ತಿದ್ದ ಕ್ಯಾಲೆಂಡರ್ ಕಡೆ ನೋಡುತ್ತಾ ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡರು.

“ಅಯ್ಯೋ ನಮ್ಮ ಬುದ್ಧಿಗಿಷ್ಟು! ಭಾನುವಾರ ರಾಹುಕಾಲ ಯಾವಾಗ್ರೇ? ನಾಲ್ಕೂವರೆಯಿಂದ ಆರು! ಇವಳು ಕೊನೆ ಓವರ್ ಶುರು ಮಾಡೋದು ಯಾವಾಗ? ಐದು ಗಂಟೆಗೆ! ಶುರು ಮಾಡಬಾರದ ಹೊತ್ತಲ್ಲಿ ಶುರು ಮಾಡಿದ್ರೆ ಇನ್ನೇನಾಗುತ್ತೆ?”

ಬೇಕರಿಯಲ್ಲಿ ಜೀವ ಬಂತು. ಹೌದಲ್ವಾ, ಹೌದಲ್ವಾ ಎಂದು ಎಲ್ಲರೂ ಒಟ್ಟಿಗೆ ಮಾತಾಡಿದರು. ಒಬ್ಬಳು ತನ್ನ ನಾದಿನಿಯ ನಿಶ್ಚಿತಾರ್ಥ ಮುರಿದುಬಿದ್ದ ಕಥೆ ಹೇಳಿದಳು, ಇನ್ನೊಬ್ಬಳು ಬೋರ್‌ವೆಲ್ ಕಥೆ ಹೇಳಿದಳು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿ, ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡಿದರು. ಮಿಸ್ ನನ್ನ ಬೆನ್ನು ಸವರಿದರು.

“ನಿನ್ನ ತಪ್ಪೇನಿಲ್ಲ ಬಿಡೇ. ಮನಸ್ಸಿಗೆ ಹಚ್ಕೋಬೇಡ.”

ನನಗೆ ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ಸಹಿಸುತ್ತಿದ್ದೆ. ನಾನೇನು ದೇವರು ದಿಂಡರು ನಂಬದವಳಲ್ಲ. ಹೊಸ ಮೋಟರ್ ಕೂರಿಸಿದಾಗ ನಾನೂ ರಾಹುಕಾಲ ನೋಡಿಯೇ ಸ್ವಿಚ್ ಒತ್ತಿದವಳು. ಆದರೆ ವೈಡ್ ಹಾಕಿದ್ದು ಈ ಕೈ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲದ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಇವರೆಲ್ಲ ಸೇರಿ ನನ್ನ ಪರವಾಗಿ ನೆಲವನ್ನು ಡೊಂಕು ಮಾಡುತ್ತಿದ್ದರು.

“ಮಿಸ್, ಅದೇ ಟೈಮಲ್ಲಿ ಅವರೂ ಬ್ಯಾಟಿಂಗ್ ಮಾಡ್ತಿದ್ರಲ್ಲಾ? ಅವರಿಗ್ಯಾಕೆ ರಾಹು ಕಾಟ ಕೊಡ್ಲಿಲ್ಲ?” ಎಂದೆ.

“ಅವರು ಬ್ಯಾಟಿಂಗ್ ಶುರು ಮಾಡಿದ್ದು ನಾಲ್ಕೂಕಾಲಿಗೆ ಕಣೇ. ರಾಹುಕಾಲದಲ್ಲಿ ಹೊಸದಾಗಿ ಶುರು ಮಾಡಬಾರದು ಅಷ್ಟೆ. ಮೊದಲೇ ಶುರುವಾಗಿದ್ರೆ ದೋಷ ಇಲ್ಲ.”

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರ ಹತ್ತಿರ ವಾದ ಮಾಡಿ ಗೆಲ್ಲುವುದು ಉಂಟೇ? ಕ್ಯಾಪ್ಟನ್ ಮಾತ್ರ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಲೋಟದ ತಳದಲ್ಲಿದ್ದ ಟೀ ನೋಡುತ್ತಿದ್ದಳು.

ಮೊದಲು ಮಾಡಿದ ಉಪಾಯ, ಆಟವನ್ನು ಬೇಗ ಮುಗಿಸುವುದು. ಕೆಂಗೇರಿಯವರ ಮೇಲಿನ ಪಂದ್ಯದಲ್ಲಿ ನಾವು ಓವರ್ ಮುಗಿದ ತಕ್ಷಣ ಬಸ್ಸು ತಪ್ಪಿಹೋಗುವವರ ಹಾಗೆ ಈ ತುದಿಯಿಂದ ಆ ತುದಿಗೆ ಓಡಿದೆವು. ಮಿಸ್ ಬೌಂಡರಿ ಆಚೆಯಿಂದ ವಾಚ್ ತೋರಿಸುತ್ತಾ “ಬೇಗ ಬೇಗ!” ಎಂದು ಕೂಗಿದರು. ಏನು ಪ್ರಯೋಜನ? ಕೆಂಗೇರಿಯವರು ಒಂದೊಂದು ಬಾಲಿಗೂ ಟೋಪಿ ತೆಗೆದು ಜಡೆ ಸರಿಮಾಡಿಕೊಳ್ಳುವವರು. ಕೊನೆಗೆ ಅವರು ಐದನೇ ಓವರಿಗೇ ಆಲ್‌ಔಟ್ ಆದರು, ನಾವು ಗೆದ್ದೆವು, ನನ್ನ ಓವರ್ ಬರಲೇ ಇಲ್ಲ. ಖಾರ ಬನ್ ತಿನ್ನುತ್ತಾ ಮಿಸ್ “ನೋಡಿದ್ರಾ?” ಎಂದರು. ಏನನ್ನು ನೋಡಬೇಕಿತ್ತೋ ನನಗೆ ತಿಳಿಯಲಿಲ್ಲ.

ಮುಂದಿನ ವಾರಕ್ಕೆ ಮಿಸ್ ಗಟ್ಟಿ ಉಪಾಯ ತಂದರು. ಪ್ರಸ್ಥಾನ. ನಮ್ಮ ಕಡೆ ಗೊತ್ತಿರುವುದೇ: ಹೊರಡಬೇಕಾದ ಹೊತ್ತು ಚೆನ್ನಾಗಿಲ್ಲದಿದ್ದರೆ, ಒಳ್ಳೇ ಹೊತ್ತಿನಲ್ಲಿಯೇ ನಮ್ಮದೊಂದು ವಸ್ತುವನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುತ್ತೇವೆ. ಅಲ್ಲಿಗೆ ಪ್ರಯಾಣ ಶುರುವಾಯಿತು ಅಂತ ಲೆಕ್ಕ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. ಮಿಸ್ ಪ್ರಕಾರ ನನ್ನ ಕೊನೆಯ ಓವರಿಗೂ ನಾಲ್ಕೂವರೆಯ ಒಳಗೆ ಒಂದು ಪ್ರಸ್ಥಾನ ಇಟ್ಟುಬಿಟ್ಟರೆ ಮುಗಿಯಿತು.

“ತೆಂಗಿನಕಾಯಿ ಇಡೋಣ,” ಎಂದಳು ಒಬ್ಬಳು.

“ಯಾರಾದ್ರೂ ಎಡವಿ ಬಿದ್ರೆ ಹಲ್ಲು ಹೋಗುತ್ತೆ,” ಎಂದಳು ಕ್ಯಾಪ್ಟನ್.

ಚರ್ಚೆಯಾಗಿ ಆಗಿ ಕೊನೆಗೆ ನನ್ನ ಹವಾಯಿ ಚಪ್ಪಲಿಗೆ ಬಂದು ನಿಂತಿತು. ಪ್ರಯಾಣ ಮಾಡುವುದು ಕಾಲು ತಾನೇ ಎಂದು ಮಿಸ್ ಒಪ್ಪಿದರು. ನಾನು ಬೌಲಿಂಗ್ ಹಾಕುವುದು ಶೂನಲ್ಲಿ ಎಂದು ಎಷ್ಟು ಹೇಳಿದರೂ ಯಾರ ಕಿವಿಗೂ ಬೀಳಲಿಲ್ಲ. ವಿಜಯನಗರದವರ ಬ್ಯಾಟಿಂಗ್ ಶುರುವಾಗುವ ಮುಂಚೆ, ನಾನು ಓಡಿ ಬರಲು ಶುರುಮಾಡುವ ಜಾಗದಲ್ಲಿ, ಹಿಟ್ಟು ಮೆತ್ತಿದ ನನ್ನ ಚಪ್ಪಲಿ ಜೋಡಿಯನ್ನು ಪೂರ್ವಕ್ಕೆ ಮುಖ ಮಾಡಿ ಇಟ್ಟರು.

“ಯಾರ್ದಮ್ಮ ಇದು ಚಪ್ಪಲಿ? ತೆಗೀರಿ,” ಎಂದರು ಅಂಪೈರ್.

“ಇರ್ಲಿ ಸಾರ್. ಅದು ಅವರ ರನ್‌ಅಪ್ ಮಾರ್ಕು,” ಎಂದರು ಮಿಸ್, ಕಣ್ಣು ಮಿಟುಕಿಸದೆ. ಅವರ ಜೀವಮಾನದಲ್ಲೇ ಅದೊಂದೇ ಸುಳ್ಳು ಹೇಳಿರಬೇಕು.

ಆ ದಿನ ನನ್ನ ಕೈಗೆ ಏನಾಗಿತ್ತೋ ಕಾಣೆ, ಹಾಕಿದ್ದೆಲ್ಲ ಸ್ಟಂಪಿಗೇ ಹೋಯಿತು. ಕೊನೆಯ ಓವರಿನಲ್ಲಿ ಒಂದು ವೈಡ್ ಇಲ್ಲ, ನೋಬಾಲ್ ಇಲ್ಲ. ಕೊನೆಯ ಬಾಲಿಗೆ ಅವರಿಗೆ ಮೂರು ರನ್ ಬೇಕಿತ್ತು. ಬ್ಯಾಟ್ ಹಿಡಿದವಳು ಮಿಡ್‌ವಿಕೆಟ್ ಕಡೆ ತಳ್ಳಿ ಓಡಿದಳು, ಒಂದು ರನ್ ಅಷ್ಟೆ. ಗೆದ್ದೆವು ಎಂದು ನಮ್ಮವರು ಆಗಲೇ ಕಿರುಚುತ್ತಿದ್ದರು. ಅಲ್ಲಿ ಫೀಲ್ಡಿಂಗ್ ಇದ್ದವಳು ಖುಷಿಯಲ್ಲಿ ಬಾಲನ್ನು ನನ್ನ ಕಡೆ ಬೀಸಿ ಎಸೆದಳು. ನಾನು ಸ್ಟಂಪ್ ಹಿಂದೆ ಸರಿದು ಎರಡೂ ಕೈ ಜೋಡಿಸಿ ನಿಂತೆ. ಬಾಲ್ ಸ್ಟಂಪ್ ದಾಟಿ ಬಂದು ನೆಲದ ಮೇಲೆ ಇಟ್ಟಿದ್ದ ನನ್ನ ಎಡಗಾಲಿನ ಚಪ್ಪಲಿಯ ಹಿಮ್ಮಡಿಗೆ ಬಡಿಯಿತು, ನನ್ನ ಕೈಗೆ ಸಿಗದೆ ಪಕ್ಕಕ್ಕೆ ಚಿಮ್ಮಿ ಇಳಿಜಾರಿನಲ್ಲಿ ಬೌಂಡರಿಗೆ ಓಡಿತು. ಓವರ್‌ಥ್ರೋ. ನಾಲ್ಕು ರನ್. ಸೋತೆವು.

ಪ್ರಸ್ಥಾನ ಇಟ್ಟ ಚಪ್ಪಲಿಯೇ ನಮ್ಮನ್ನು ಸೋಲಿಸಿತು ಸ್ವಾಮಿ! ವಿಜಯನಗರದವರು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಬೇಕರಿಗೆ ಹೋದೆ. ಅಲ್ಲಿ ಮಿಸ್ ಆಗಲೇ ಕಾರಣ ಹುಡುಕಿಟ್ಟಿದ್ದರು.

“ಅಂಪೈರು ಓಡಾಡುವಾಗ ಚಪ್ಪಲಿಗೆ ಕಾಲು ತಗುಲಿಸಿ ಜಾಗ ಬದಲಾಯಿಸಿಬಿಟ್ಟಿದ್ದಾರೆ. ಪ್ರಸ್ಥಾನ ಕದಲಬಾರದು ಕಣ್ರೇ. ಇನ್ನೊಂದೇ ದಾರಿ. ಇವಳ ಹೆಸರಿಗೆ ರಾಹು ಆಗಿಬರ್ತಿಲ್ಲ. ಸ್ವಲ್ಪ ದಿನ ಕೊನೆ ಓವರ್ ಕ್ಯಾಪ್ಟನ್ನೇ ಹಾಕ್ಲಿ. ದೋಷ ಕಳೆದ ಮೇಲೆ ಇವಳಿಗೇ ಕೊಡೋಣ.”

ಎಲ್ಲರೂ ತಲೆಯಾಡಿಸಿದರು. ಪಾಪ, ಎಲ್ಲರಿಗೂ ನನ್ನ ಮೇಲೆ ಪ್ರೀತಿಯೇ. ಅಷ್ಟು ಮೆತ್ತಗೆ, ನೋವಾಗದ ಹಾಗೆ, ನನ್ನ ಕೈಯಿಂದ ಚೆಂಡು ಕಿತ್ತುಕೊಳ್ಳುತ್ತಿದ್ದರು. ನನಗೆ ಅಳು ಬಂತು, ಅಳುವಿಗಿಂತ ಮುಂಚೆ ಸಿಟ್ಟು ಬಂತು. ಚಪ್ಪಲಿಗಳನ್ನು ನೆಲಕ್ಕೆ ಹಾಕಿದೆ. ಬೇಕರಿಯವನು ಬೆಣ್ಣೆ ಬಿಸ್ಕತ್ತಿನ ಭರಣಿಯನ್ನು ಹುಷಾರಾಗಿ ಹಿಂದಕ್ಕೆ ಎಳೆದುಕೊಂಡ.

“ನಿಲ್ಲಿಸಿ ಮಿಸ್. ಇವತ್ತಿನ ಸೋಲು ನಂದಲ್ಲ, ನಿಮ್ಮೆಲ್ಲರದ್ದು. ಚಪ್ಪಲಿ ಇಟ್ಟವರು ನೀವು. ಹಿಂದಿನ ಮೂರು ಸೋಲು ಮಾತ್ರ ನಂದು. ಅದನ್ನ ರಾಹುಗೆ ಯಾಕ್ರೀ ಕೊಡ್ತೀರಾ? ನಾನು ಬೆವರು ಸುರಿಸಿ ಸೋತಿದೀನಿ. ನನ್ನ ಸೋಲು ನನಗಿರ್ಲಿ.”

“ಅಯ್ಯೋ, ನಿನಗೆ ಬೇಜಾರಾಗಬಾರದು ಅಂತ...”

“ಬೇಜಾರಾಗ್ಲಿ! ನನ್ನ ಕೈ ಸರಿ ಇಲ್ಲ ಅನ್ನಿಸಿದ್ರೆ ಮುಖಕ್ಕೆ ಹೇಳಿ ಓವರ್ ತಗೊಳ್ಳಿ, ಬಿಟ್ಟುಕೊಡ್ತೀನಿ. ಗ್ರಹದ ಹೆಸರು ಹೇಳ್ಕೊಂಡು ತಗೊಂಡ್ರೆ ಮಾತ್ರ, ಈ ಟೀಮೂ ಬೇಡ, ಈ ಆಟನೂ ಬೇಡ.” ಆಮೇಲೆ ಕ್ಯಾಪ್ಟನ್ ಕಡೆ ತಿರುಗಿದೆ. “ಕರ್ಕೊಂಡು ಬಂದೋಳು ನೀನು. ನೀನೇ ಹೇಳಮ್ಮ. ಮೂರು ಸಲ ಯಾಕೆ ಸೋತೆ ನಾನು?”

ಅವಳು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಲೋಟ ಕೆಳಗಿಟ್ಟಳು.

“ನೀವು ಹೆದರ್ಕೋತೀರಾ ಅಕ್ಕ. ಮೊದಲನೇ ಓವರಲ್ಲಿ ಉಸಿರು ಬಿಟ್ಟು ಓಡಿ ಬರ್ತೀರಾ. ಕೊನೇ ಓವರಲ್ಲಿ ಉಸಿರು ಬಿಗಿ ಹಿಡಿದು, ಬಾಲ್ ಕೈಯಿಂದ ಬಿಡೋಕೇ ಲೇಟ್ ಮಾಡ್ತೀರಾ. ಅದಕ್ಕೇ ವೈಡ್ ಹೋಗುತ್ತೆ. ರಾಹುನೂ ಇಲ್ಲ, ಕೇತುನೂ ಇಲ್ಲ. ಹೆದರಿಕೆ, ಅಷ್ಟೆ.”

ಮಿಸ್ ಕ್ಯಾಪ್ಟನ್ನನ್ನು ಗುರಾಯಿಸಿದರು. ಎಲ್ಲರೂ ನಾನು ಅವಳ ಮೇಲೆ ಬೀಳುತ್ತೇನೆ ಎಂದುಕೊಂಡಿರಬೇಕು. ನನಗೋ, ಹೊಟ್ಟೆಗೆ ತಣ್ಣನೆಯ ಮಜ್ಜಿಗೆ ಇಳಿದ ಹಾಗಾಯಿತು. ಅಬ್ಬಾ, ಒಬ್ಬಳಾದರೂ ನನ್ನ ಬೌಲಿಂಗ್ ನೋಡಿದ್ದಾಳಲ್ಲ!

“ಹೂಂ ಕಣೇ, ಹೆದರ್ತೀನಿ,” ಎಂದೆ. “ಇಲ್ಲ ಅಂದೋರು ಯಾರು? ಹೆದರ್ಕೊಂಡೇ ಹಾಕ್ತೀನಿ. ಮುಂದಿನ ವಾರ ಕೊಡ್ತೀಯೋ ಇಲ್ವೋ, ಈಗ್ಲೇ ಹೇಳು.”

ಅವಳು ತಕ್ಷಣ ಕೊಡುತ್ತೇನೆ ಎನ್ನಲಿಲ್ಲ. ನನಗೆ ಅದೂ ಇಷ್ಟವಾಯಿತು. “ಮ್ಯಾಚಲ್ಲಿ ನೋಡೋಣ ಅಕ್ಕ” ಎಂದಳು. ಆ ವಾರ ಮಿಲ್ಲಿನಲ್ಲಿ ನಾನು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಕಾಲು ಕೆಜಿ ಅಕ್ಕಿ ಹಿಟ್ಟಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಗಿರಾಕಿಗಳೂ ನನ್ನ ಮುಖ ನೋಡಿ ಕೇಳಿದಷ್ಟು ಕೊಟ್ಟು ಹೋದರು.

ಭಾನುವಾರ ಮತ್ತೆ ಸುಂಕದಕಟ್ಟೆಯವರು. ನನ್ನ ಕೈಯಲ್ಲಿ ಮೊದಲು ಸೋಲಿಸಿಕೊಂಡವರು ಅವರೇ, ಅಲ್ಲಲ್ಲ, ನಾನು ಗೆಲ್ಲಿಸಿದವರು ಅವರೇ. ಏಳನೇ ಓವರ್ ಮುಗಿದಾಗ ಅವರಿಗೆ ಆರು ರನ್ ಬೇಕು. ಗಂಟೆ ಐದು ದಾಟಿದೆ, ರಾಹು ಮನೆಯ ನಡುಮಧ್ಯದಲ್ಲಿ ಕಾಲು ಚಾಚಿ ಕೂತಿದ್ದಾನೆ. ಕ್ಯಾಪ್ಟನ್ ಬಾಲನ್ನು ಪ್ಯಾಂಟಿಗೆ ಉಜ್ಜುತ್ತಾ ನನ್ನ ಹತ್ತಿರ ಬಂದಳು.

“ಹೆದರಿಕೆ ಆಗ್ತಿದೆಯಾ ಅಕ್ಕ?”

“ಆಗ್ತಿದೆ.”

“ಸರಿ, ಹಾಕಿ,” ಎಂದು ಬಾಲ್ ಕೊಟ್ಟಳು.

ಮೊದಲನೆಯದೇ ವೈಡ್. ಬೌಂಡರಿ ಆಚೆ ಮಿಸ್ ತಲೆಯ ಮೇಲೆ ಕೈ ಹೊತ್ತು ಕೂತದ್ದು ಕಂಡಿತು. ನಾನು ಆ ಕಡೆ ನೋಡುವುದನ್ನು ಬಿಟ್ಟೆ. ಉಸಿರು ಬಿಡು, ಉಸಿರು ಬಿಡು ಎಂದು ನನಗೆ ನಾನೇ ಹೇಳಿಕೊಂಡು ಓಡಿದೆ. ಆಮೇಲಿನ ಬಾಲುಗಳಲ್ಲಿ ಅವರು ಒಂದೊಂದೇ ರನ್ ಕದ್ದರು, ಒಬ್ಬಳು ಬೋಲ್ಡ್ ಆದಳು. ಸ್ಟಂಪ್ ಬಿದ್ದಾಗ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಮಹಡಿಯಲ್ಲಿ ಬಟ್ಟೆ ಎತ್ತುತ್ತಿದ್ದವರು ಬಗ್ಗಿ ನೋಡಿದರು. ಕೊನೆಯ ಬಾಲಿಗೆ ಎರಡು ರನ್ ಉಳಿಯಿತು. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ, ನನ್ನ ಜೊತೆಯಲ್ಲೇ ಓಡಿ ಬಂತು. ಆದರೂ ನಾನು ನನ್ನ ಜನ್ಮದಲ್ಲೇ ಹಾಕಿದ ಅತಿ ಚೊಕ್ಕ ಬಾಲ್ ಅದು. ನೆಟ್ಟಗೆ ಹೋಗಿ ಲೆಗ್ ಸ್ಟಂಪಿನ ಬುಡಕ್ಕೆ ಬಿತ್ತು. ಎದುರಿಗೆ ಆಡುತ್ತಿದ್ದವಳು ಕಣ್ಣು ಮುಚ್ಚಿ ಬ್ಯಾಟ್ ಊರಿದಳು. ಬಾಲ್ ಬ್ಯಾಟಿನ ಒಳಂಚಿಗೆ ತಗುಲಿ, ಸ್ಟಂಪ್ ಸವರಿಕೊಂಡು, ಕೀಪರ್ ಕಾಲ ಪಕ್ಕದಿಂದ ಬೌಂಡರಿಗೆ ಹೋಯಿತು.

ಸೋತೆ.

ಬೇಕರಿಯಲ್ಲಿ ಟೀ ಬಂತು. ಯಾರೂ ನನ್ನ ಬೆನ್ನು ಸವರಲಿಲ್ಲ. ಮಿಸ್ ಗಂಟಲು ಸರಿಮಾಡಿಕೊಂಡು, “ಇವತ್ತು ರಾಹುಕಾಲದ ಜೊತೆಗೆ ಅಮಾವಾಸ್ಯೆ ಬೇರೆ ಹತ್ತಿರ...” ಎಂದು ಶುರುಮಾಡಿದರು.

“ಬಿಡಿ ಮಿಸ್,” ಎಂದಳು ಕ್ಯಾಪ್ಟನ್. “ಅಕ್ಕ ಮೊದಲನೇ ಬಾಲ್ ವೈಡ್ ಹಾಕಿದ್ರು. ಕೊನೇ ಬಾಲ್ ಚೆನ್ನಾಗಿ ಹಾಕಿದ್ರು, ಅವಳಿಗೆ ಎಡ್ಜ್ ಸಿಕ್ತು. ಅಕ್ಕ ಸೋತ್ರು, ಅಷ್ಟೆ.”

ನನಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಸೋತವಳು ನಾನು ಎಂದು ಎಲ್ಲರ ಮುಂದೆ, ಯಾವ ನೆಪವೂ ಇಲ್ಲದೆ ಹೇಳಿಸಿಕೊಂಡು ಅಷ್ಟು ಸಂತೋಷವಾದದ್ದು ಅದೇ ಮೊದಲು. ಸೆರಗು ಇರಲಿಲ್ಲ, ಟೀಶರ್ಟಿನ ತೋಳಿನಲ್ಲೇ ಮುಖ ಒರೆಸಿಕೊಂಡೆ. ಕ್ಯಾಪ್ಟನ್ ಅದನ್ನು ನೋಡಿಯೂ ನೋಡದವಳ ಹಾಗೆ, “ನಾಳೆ ಮಿಲ್ ತೆಗೆಯೋಕ್ ಮುಂಚೆ ಗ್ರೌಂಡಿಗೆ ಬನ್ನಿ ಅಕ್ಕ. ಆ ಮೊದಲನೇ ಬಾಲ್ ಸರಿ ಮಾಡ್ಬೇಕು” ಎಂದಳು.

“ಏನು, ಬರೋ ವಾರನೂ ಕೊನೆ ಓವರ್ ಇವಳಿಗೇನಾ?” ಎಂದರು ಮಿಸ್, ಗಾಬರಿಯಿಂದ.

“ಮತ್ತಿನ್ಯಾರಿಗೆ ಮಿಸ್?” ಎಂದಳು.